ಗೆಳೆಯನಿಗೊಂದು ಪತ್ರ: ಮ್ಯಾಂಚೆಸ್ಟರಿನಲ್ಲಿ ಮನೆ ಕೊಳ್ಳುವಾಗ ವಕೀಲರನ್ನು ಆರಿಸುವ ಬಗ್ಗೆ

ಪ್ರಿಯ ಗೆಳೆಯ,

ಚೀಡಲ್‌ನ ಮನೆಗೆ ನೀವು ಹೇಳಿದ ಬೆಲೆಯನ್ನು ಮಾರುವವರು ಒಪ್ಪಿಕೊಂಡಿದ್ದಾರೆಂದು ತಿಳಿದು ನಮ್ಮ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಎಸ್ಟೇಟ್ ಏಜೆಂಟರು ತಮ್ಮ ಕಡೆಯ ಸಾಲಿಸಿಟರ್ (ಮನೆ ವ್ಯವಹಾರದ ಕಾಗದಪತ್ರ ನೋಡುವ ವಕೀಲರ) ಕಂಪನಿಯೊಂದನ್ನು ಸೂಚಿಸಿದ್ದಾರೆ, ಸೋಮವಾರದೊಳಗೆ ಹೆಸರು ತಿಳಿಸಬೇಕಂತೆ, ಅವರಿಗೇ ಕೆಲಸ ಒಪ್ಪಿಸಿಬಿಡಲೇ ಎಂದು ಕೇಳಿದ್ದೀಯ. ಅವಸರದಲ್ಲಿ ಒಪ್ಪಿಸಬೇಡ ಎಂಬುದೇ ನನ್ನ ಉತ್ತರ. ಊರಿನಲ್ಲೇ ಕಚೇರಿಯಿರುವ, ನೀನು ಹೋಗಿ ಎದುರು ಕುಳಿತು ಮಾತನಾಡಬಹುದಾದ ಇಬ್ಬರು ಮೂವರು ಸಾಲಿಸಿಟರ್‌ಗಳನ್ನು ಮೊದಲು ವಿಚಾರಿಸು. ಮನೆ ಆರಿಸಲು ನೀವು ತೆಗೆದುಕೊಂಡ ತಿಂಗಳುಗಳಲ್ಲಿ ಒಂದು ವಾರವನ್ನಾದರೂ ಈ ಆಯ್ಕೆಗೆ ಮೀಸಲಿಡುವುದು ನ್ಯಾಯ.

ಏಜೆಂಟರು ಸೂಚಿಸಿದವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಗಿರಾಕಿಯನ್ನು ಕಳುಹಿಸಿಕೊಟ್ಟದ್ದಕ್ಕಾಗಿ ಸಾಲಿಸಿಟರ್ ಕಂಪನಿಯು ಏಜೆಂಟರಿಗೆ ರೆಫರಲ್ ಶುಲ್ಕ ಕೊಡುವುದು ಇಲ್ಲಿ ಸಾಮಾನ್ಯ, ಮತ್ತು ಹಾಗೆ ಕೊಡುತ್ತಿದ್ದರೆ ಅದನ್ನು ನಿನಗೆ ತಿಳಿಸುವುದು ಅವರ ಕರ್ತವ್ಯ. ಎಷ್ಟು ಕೊಡುತ್ತೀರಿ ಎಂದು ನೇರವಾಗಿ ಕೇಳು. ಏಜೆಂಟರು ಮಾರುವವರ ಪರವಾಗಿ ಕೆಲಸ ಮಾಡುವವರು ಎಂಬುದನ್ನೂ ಮರೆಯಬೇಡ. ವ್ಯವಹಾರ ಬೇಗ ಮುಗಿಯಬೇಕೆಂಬುದು ಅವರ ಆಸೆ. ಮುಗಿಯಬಾರದ ವ್ಯವಹಾರವನ್ನು ನಿಲ್ಲಿಸಿ, ಇದನ್ನು ಕೊಳ್ಳಬೇಡಿ ಎಂದು ಧೈರ್ಯವಾಗಿ ಹೇಳುವ ಒಬ್ಬರು ನಿನ್ನ ಪಾಲಿಗೂ ಇರಬೇಕು, ಅಂಥವರು ಸಾಲಿಸಿಟರ್ ಒಬ್ಬರೇ.

ನಮ್ಮೂರಿನ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ವ್ಯವಹಾರವನ್ನು ಅಳೆಯುವುದು ಕಷ್ಟ. ಅಲ್ಲಿ ಮುಂಗಡ ಕೊಟ್ಟು ಕರಾರುಪತ್ರ ಮಾಡಿಕೊಂಡರೆ ಎರಡೂ ಕಡೆಯವರಿಗೆ ಒಂದು ಬಂಧನ ಬರುತ್ತದೆ, ಋಣಭಾರ ಪತ್ರ ತೆಗೆಸುತ್ತೇವೆ, ಕೊನೆಗೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಎಲ್ಲರೂ ಮುಖಾಮುಖಿಯಾಗಿ ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಇಂಗ್ಲೆಂಡಿನಲ್ಲಿ ಮಾರುವವರು ನಿನ್ನ ಬೆಲೆಯನ್ನು ಒಪ್ಪಿದ ಮಾತಿಗೆ ಕಾನೂನಿನ ಬಲವೇ ಇಲ್ಲ. ಎರಡೂ ಕಡೆಯ ವಕೀಲರು ಸಹಿಯಾದ ಒಪ್ಪಂದಗಳನ್ನು ವಿನಿಮಯ ಮಾಡಿಕೊಳ್ಳುವ ದಿನದವರೆಗೆ, ಅಂದರೆ ಸಾಮಾನ್ಯವಾಗಿ ನೀನು ಶೇಕಡಾ 10ರಷ್ಟು ಠೇವಣಿ ಕಟ್ಟುವ ದಿನದವರೆಗೆ, ಹೆಚ್ಚು ಬೆಲೆ ಕೊಡುವವರು ಬಂದರೆ ಮಾರುವವರು ನಿನ್ನನ್ನು ಕೈಬಿಡಬಹುದು, ನೀನೂ ಹಿಂದೆ ಸರಿಯಬಹುದು. ಆ ಮಧ್ಯದ ತಿಂಗಳುಗಳಲ್ಲಿ ನಡೆಯುವುದೆಲ್ಲ ಇಬ್ಬರು ವಕೀಲರ ನಡುವಿನ ಪತ್ರವ್ಯವಹಾರ ಮಾತ್ರ. ಒಂದು ಪತ್ರಕ್ಕೆ ಮರುದಿನ ಉತ್ತರ ಬರೆಯುವವರಿಗೂ ಎರಡು ವಾರ ಬಿಟ್ಟು ಬರೆಯುವವರಿಗೂ ಇರುವ ವ್ಯತ್ಯಾಸದಿಂದಲೇ ಎಷ್ಟೋ ಮನೆಗಳು ಕೈತಪ್ಪುತ್ತವೆ.

ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯೆಲ್ಲ ಆನ್‌ಲೈನಿನಲ್ಲಿಯೇ ಸಿಗುವಾಗ ವಕೀಲರು ಮ್ಯಾಂಚೆಸ್ಟರಿನಲ್ಲಿದ್ದರೇನು, ಇನ್ನೂರು ಮೈಲಿ ಆಚೆಗಿದ್ದರೇನು ಎಂಬ ನಿನ್ನ ಪ್ರಶ್ನೆ ಸರಿಯಾದದ್ದೇ. ನಮ್ಮಲ್ಲಿ ನೋಂದಣಿಯಾಗುವುದು ಕ್ರಯಪತ್ರ. ಇಲ್ಲಿ 1862ರಲ್ಲಿ ಸ್ಥಾಪನೆಯಾದ ಲ್ಯಾಂಡ್ ರಿಜಿಸ್ಟ್ರಿಯು ಒಡೆತನವನ್ನೇ ನೋಂದಾಯಿಸಿ ಅದಕ್ಕೆ ಸರ್ಕಾರದ ಖಾತರಿಯನ್ನೂ ಕೊಡುತ್ತದೆ. ಆದರೂ ಅದರ ನಕ್ಷೆಯಲ್ಲಿ ಕಾಣುವ ಕೆಂಪು ಗೆರೆ ಸಾಮಾನ್ಯ ಎಲ್ಲೆಯನ್ನಷ್ಟೇ ತೋರಿಸುತ್ತದೆ, ಗೋಡೆಯ ಕರಾರುವಾಕ್ಕಾದ ಜಾಗವನ್ನಲ್ಲ. ಆ ಮನೆಗೆ ಹೋಗುವ ದಾರಿ ಯಾರದು, ಹಿತ್ತಿಲಿನ ಓಣಿಯಲ್ಲಿ ನಡೆಯುವ ಹಕ್ಕು ಯಾರಿಗಿದೆ ಎಂಬುದು ಹಲವು ಸಲ ಅದರಲ್ಲಿ ಬರೆದೇ ಇರುವುದಿಲ್ಲ.

ಸ್ಟಾಕ್‌ಪೋರ್ಟಿನ ನಮ್ಮ ಮನೆಯನ್ನು ಕೊಂಡಾಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಸಾಲಿಸಿಟರ್ ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಾವು ಮನೆ ನೋಡಲು ಹೋದಾಗ ತೆಗೆದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು, ನೀವು ಕಾರು ನಿಲ್ಲಿಸಬೇಕೆಂದಿರುವ ಜಾಗಕ್ಕೆ ಹೋಗುವ ದಾರಿ ಈ ಗೆರೆಯ ಹೊರಗಿದೆ, ನೋಡಿ ಎಂದು ಪೆನ್ಸಿಲಿನಿಂದ ತೋರಿಸಿದರು. ಅದೇ ಸಾಲಿನ ಮತ್ತೊಂದು ಮನೆಯ ಕಾಗದಗಳನ್ನು ಅವರು ಹಿಂದೆ ನೋಡಿದ್ದರು, ಆ ಓಣಿ ಯಾರ ಹೆಸರಿನಲ್ಲಿಯೂ ನೋಂದಣಿಯಾಗಿಲ್ಲವೆಂದು ಅವರಿಗೆ ಗೊತ್ತಿತ್ತು. ಮಾರುವವರಿಂದ, ತಾವು 20 ವರ್ಷಕ್ಕೂ ಮಿಕ್ಕಿ ಯಾರ ಅಡ್ಡಿಯೂ ಇಲ್ಲದೆ ಆ ದಾರಿಯನ್ನು ಬಳಸಿದ್ದೇವೆಂದು ಪ್ರಮಾಣೀಕರಿಸಿದ ಹೇಳಿಕೆ ಬರೆಸಿಕೊಂಡು, ಅದರ ಮೇಲೆ ಒಂದು ವಿಮೆಯನ್ನೂ ಮಾರುವವರ ಖರ್ಚಿನಲ್ಲಿಯೇ ಮಾಡಿಸಿಕೊಟ್ಟರು. ದೂರದ ಊರಿನಲ್ಲಿ ಕುಳಿತು ಕಂಪ್ಯೂಟರಿನ ಪರದೆಯ ಮೇಲೆ ನೂರಾರು ಕಡತಗಳನ್ನು ದಾಟಿಸುವವರಿಗೆ ಆ ಗೆರೆಯೂ ಕಾಣುತ್ತಿತ್ತೇನೋ, ಆದರೆ ಕಾರು ಎಲ್ಲಿಂದ ಒಳಗೆ ಬರುತ್ತದೆಂಬ ಪ್ರಶ್ನೆ ಅವರಿಗೆ ಹೊಳೆಯುತ್ತಿತ್ತೆಂದು ನನಗನಿಸುವುದಿಲ್ಲ.

ಮ್ಯಾಂಚೆಸ್ಟರಿನ ಸುತ್ತಮುತ್ತ ಇಂಥ ಸ್ಥಳೀಯ ವಿಶೇಷಗಳು ಬಹಳ ಇವೆ. ನೀನು ನೋಡಿರುವ 1930ರ ದಶಕದ ಮನೆಯಂಥ ಎಷ್ಟೋ ಮನೆಗಳು ಇಲ್ಲಿ 999 ವರ್ಷಗಳ ಲೀಸಿನ ಮೇಲೆ ಇವೆ, ಅಂದರೆ ಮನೆ ನಿನ್ನದಾದರೂ ನೆಲದ ಒಡೆಯರು ಬೇರೆ. ವರ್ಷಕ್ಕೆ ಕೆಲವೇ ಪೌಂಡುಗಳ ನೆಲಬಾಡಿಗೆ ಕಟ್ಟಬೇಕಾಗಿರುತ್ತದೆ. ಮೊತ್ತ ಚಿಕ್ಕದಾದರೂ, ಮನೆಯನ್ನು ವಿಸ್ತರಿಸಲು ಜಮೀನಿನ ಒಡೆಯರ ಅನುಮತಿ ಬೇಕೆಂಬ ಷರತ್ತು ಹಳೆಯ ಲೀಸಿನೊಳಗೆ ಅಡಗಿರಬಹುದು, ಅಡುಗೆಮನೆಯನ್ನು ಹಿಂದಕ್ಕೆ ಬೆಳೆಸಬೇಕೆಂದಿರುವ ನಿನಗೆ ಇದು ಮುಖ್ಯ. ಪೂರ್ಣ ಒಡೆತನದ ಮನೆಗಳ ಮೇಲೂ ಇಲ್ಲಿನವರು ಚೀಫ್ ರೆಂಟ್ ಎಂದು ಕರೆಯುವ ಹಳೆಯ ವಾರ್ಷಿಕ ಪಾವತಿ ಇರುವುದುಂಟು. ಬ್ರಿಸ್ಟಲ್ ಕಡೆಯನ್ನು ಬಿಟ್ಟರೆ ಬೇರೆಡೆ ಇದು ಅಪರೂಪ. 1977ರ ಕಾಯ್ದೆಯು ಇಂಥವನ್ನು ಹೊಸದಾಗಿ ಸೃಷ್ಟಿಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು, ಹಳೆಯವುಗಳಲ್ಲಿ ಹೆಚ್ಚಿನವು 2037ರಲ್ಲಿ ತಾವಾಗಿಯೇ ರದ್ದಾಗುತ್ತವೆ. ಅಲ್ಲಿಯವರೆಗೆ ಬಾಕಿ ಇದೆಯೇ, ಯಾರಿಗೆ ಕಟ್ಟಬೇಕು ಎಂಬುದನ್ನು ಇಲ್ಲಿನ ವಕೀಲರು ರೂಢಿಯಿಂದಲೇ ಕೇಳುತ್ತಾರೆ. ಮರ್ಸಿ ನದಿಯ ಪ್ರವಾಹದ ವಿಷಯವೂ ಹಾಗೆಯೇ. 2021ರ ಜನವರಿಯಲ್ಲಿ ಕ್ರಿಸ್ಟೋಫ್ ಬಿರುಗಾಳಿ ಬಂದಾಗ ಡಿಡ್ಸ್‌ಬರಿ ಮತ್ತು ನಾರ್ದೆಂಡನ್‌ನ ಎಷ್ಟೋ ಮನೆಗಳವರಿಗೆ ರಾತ್ರೋರಾತ್ರಿ ಮನೆ ಬಿಡಲು ಸೂಚಿಸಲಾಗಿತ್ತು. ಪೂರ್ವ ಮ್ಯಾಂಚೆಸ್ಟರಿನಲ್ಲಾದರೆ ಎತಿಹಾದ್ ಕ್ರೀಡಾಂಗಣದ ಬಳಿಯಲ್ಲೇ 1968ರವರೆಗೂ ಬ್ರ್ಯಾಡ್‌ಫರ್ಡ್ ಕಲ್ಲಿದ್ದಲು ಗಣಿ ನಡೆಯುತ್ತಿತ್ತು. ಕೌನ್ಸಿಲ್, ನೀರು ಮತ್ತು ಒಳಚರಂಡಿ, ಪರಿಸರ, ಗಣಿ ಇವುಗಳ ಶೋಧನಾ ವರದಿಗಳನ್ನು ಯಾವ ವಕೀಲರಾದರೂ ತರಿಸಬಲ್ಲರು. ಬಂದ ವರದಿಯಲ್ಲಿ ಯಾವ ಸಾಲಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಆ ಬೀದಿಗಳಲ್ಲಿ ಓಡಾಡಿದವರು ಹೆಚ್ಚು ಚೆನ್ನಾಗಿ ಹೇಳುತ್ತಾರೆ.

ಇನ್ನು ನನಗೆ ಹೆಚ್ಚು ಕಾಳಜಿಯಿರುವ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಮನೆ ನಿನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿದೆಯೆಂದು ನೀನೇ ಒಮ್ಮೆ ಹೇಳಿದ್ದೆ. ಇಂಗ್ಲೆಂಡಿನ ಸ್ಟ್ಯಾಂಪ್ ಡ್ಯೂಟಿಯ ಲೆಕ್ಕದಲ್ಲಿ ಮೊದಲ ಸಲ ಮನೆ ಕೊಳ್ಳುವವರು ಎಂದರೆ ಜಗತ್ತಿನ ಯಾವ ಮೂಲೆಯಲ್ಲಿಯೂ ಎಂದೂ ಮನೆಯ ಒಡೆತನವಿಲ್ಲದವರು ಎಂದರ್ಥ, ಪಿತ್ರಾರ್ಜಿತವಾಗಿ ಬಂದ ಪಾಲೂ ಇದರಲ್ಲಿ ಸೇರುತ್ತದೆ. ಖಾಲಿ ನಿವೇಶನದ ಮಾತು ಬೇರೆ. ಇಬ್ಬರು ಸೇರಿ ಕೊಂಡರೆ ಇಬ್ಬರಿಗೂ ಆ ಅರ್ಹತೆ ಇರಬೇಕು. ನಿನ್ನ 3,50,000 ಪೌಂಡಿನ ಮನೆಗೆ, 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ದರಗಳ ಪ್ರಕಾರ, ಮೊದಲ ಸಲ ಕೊಳ್ಳುವವರಾದರೆ ತೆರಿಗೆ 2,500 ಪೌಂಡ್, ಸಾಮಾನ್ಯ ದರದಲ್ಲಿ 7,500 ಪೌಂಡ್. ಭಾರತದಲ್ಲಿ ನಿನಗಿರುವ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಇದು ಎರಡನೆಯ ಮನೆಯೆಂದು ಪರಿಗಣಿತವಾದರೆ ಶೇಕಡಾ 5ರ ಹೆಚ್ಚುವರಿ ಸೇರಿ ಒಟ್ಟು 25,000 ಪೌಂಡ್. ಹೆಂಡತಿಯ ಹೆಸರಿನಲ್ಲಿರುವ ಮನೆಯೂ ಈ ಎರಡನೆಯ ಮನೆಯ ಲೆಕ್ಕಕ್ಕೆ ಬರುತ್ತದೆ. ಕಳೆದ ಮೂರು ವರ್ಷದೊಳಗೆ ಉತ್ತರಾಧಿಕಾರದಿಂದ ಬಂದ, ಅರ್ಧಕ್ಕಿಂತ ಹೆಚ್ಚಿಲ್ಲದ ಪಾಲಿಗೆ ಹೆಚ್ಚುವರಿ ದರದಿಂದ ವಿನಾಯಿತಿ ಇರುವುದರಿಂದ, ಪಾಲು ಯಾವಾಗ ಮತ್ತು ಹೇಗೆ ಬಂತೆಂಬ ದಿನಾಂಕಗಳು ಬಹಳ ಮುಖ್ಯ. ನಮೂನೆಯಲ್ಲಿ ಬೇರೆ ಮನೆ ಇದೆಯೇ ಎಂಬ ಪ್ರಶ್ನೆಗೆ ಈ ದೇಶದ ಮನೆಯನ್ನಷ್ಟೇ ನೆನೆದು ಇಲ್ಲ ಎಂದು ಬರೆದವರಿಗೆ ಆಮೇಲೆ ತೆರಿಗೆಯ ಜೊತೆಗೆ ಬಡ್ಡಿಯೂ ದಂಡವೂ ಬೀಳಬಹುದು. ಆದ್ದರಿಂದ ಮೊದಲ ಭೇಟಿಯಲ್ಲಿಯೇ ಈ ವಿಷಯವನ್ನು ಎತ್ತು. ಕೆಲವು ವಕೀಲರು ತಾವು ತೆರಿಗೆಯ ಸಲಹೆ ಕೊಡುವುದಿಲ್ಲವೆನ್ನುತ್ತಾರೆ. ಅದು ತಪ್ಪಲ್ಲ, ಆದರೆ ಯಾರ ಬಳಿ ಹೋಗಬೇಕೆಂದು ಅವರು ಹೇಳಬೇಕು.

ಊರಿನಿಂದ ಬರುವ ಹಣವೂ ಇದೇ ಬಗೆಯ ಎಚ್ಚರಿಕೆ ಬೇಡುತ್ತದೆ. ಅಕ್ರಮ ಹಣದ ತಡೆಗಾಗಿ 2017ರಲ್ಲಿ ಬಂದ ನಿಯಮಗಳ ಪ್ರಕಾರ ಠೇವಣಿಯ ಹಣ ಎಲ್ಲಿಂದ ಬಂತೆಂಬುದನ್ನು ಸಾಲಿಸಿಟರ್ ಪರಿಶೀಲಿಸಲೇಬೇಕು. ನಿನ್ನ ತಂದೆಯವರು ನಿವೇಶನ ಮಾರಿ ಕಳುಹಿಸುವುದಾದರೆ ಅದರ ಕ್ರಯಪತ್ರ, ಹಣ ಜಮೆಯಾದ ಬ್ಯಾಂಕ್ ವಿವರ, ತೆರಿಗೆಯ ಕಾಗದ, ಇದು ಹಿಂದಿರುಗಿಸಬೇಕಿಲ್ಲದ ಕೊಡುಗೆ ಮತ್ತು ಮನೆಯಲ್ಲಿ ತಮಗೆ ಪಾಲಿಲ್ಲ ಎಂದು ಅವರೇ ಸಹಿ ಹಾಕಿದ ಪತ್ರ, ಅವರ ಗುರುತಿನ ದಾಖಲೆ ಇವಿಷ್ಟೂ ಬೇಕಾಗುತ್ತವೆ. ಕನ್ನಡದಲ್ಲಿರುವ ಕ್ರಯಪತ್ರಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದ ಕೇಳುತ್ತಾರೆ, ಅದನ್ನು ಈಗಲೇ ಮಾಡಿಸಿಡು. ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದಾದ್ದರಿಂದ ಮಿತಿ ನಿನಗೆ ಅಡ್ಡಿಯಾಗದು, ಸಮಯ ಮಾತ್ರ ಹಿಡಿಯುತ್ತದೆ. ಭಾರತೀಯ ಕುಟುಂಬಗಳ ಇಂಥ ಕಡತಗಳನ್ನು ಮುಂಚೆ ನೋಡಿದವರಿಗೆ ಮಗ ಮನೆ ಕೊಳ್ಳುವಾಗ ಅಪ್ಪ ನಿವೇಶನ ಮಾರುವುದು ವಿಚಿತ್ರವೆನಿಸುವುದಿಲ್ಲ. ನೋಡದವರು ಒಂದೊಂದೇ ಕಾಗದವನ್ನು ಬಿಡಿಬಿಡಿಯಾಗಿ ಕೇಳುತ್ತಾ ವಾರಗಳನ್ನು ಕಳೆಯುತ್ತಾರೆ.

ವಿಚಾರಿಸುವಾಗ ಮೊದಲು ಕೇಳಬೇಕಾದದ್ದು, ನಿನಗೆ ಸಾಲ ಕೊಡುತ್ತಿರುವ ಬ್ಯಾಂಕಿನ ಪಟ್ಟಿಯಲ್ಲಿ ಆ ಕಚೇರಿ ಇದೆಯೇ ಎಂಬುದು. ಇಲ್ಲದಿದ್ದರೆ ಬ್ಯಾಂಕಿಗೆ ಬೇರೆ ವಕೀಲರು ಬೇಕಾಗಿ ಖರ್ಚೂ ತಡವೂ ಹೆಚ್ಚುತ್ತವೆ. ಕಡತವನ್ನು ನೋಡುವವರು ಯಾರು, ಅವರ ಅರ್ಹತೆಯೇನು, ಅವರು ರಜೆಗೆ ಹೋದರೆ ಯಾರು ನೋಡುತ್ತಾರೆ ಎಂದೂ ಕೇಳು. ಊರಿನ ಸಣ್ಣ ಕಚೇರಿಯ ದೌರ್ಬಲ್ಯ ಇರುವುದು ಇಲ್ಲಿಯೇ. ಒಬ್ಬರೇ ಇದ್ದು ಅವರು ಎರಡು ವಾರ ಇಲ್ಲವೆಂದರೆ ಎಲ್ಲವೂ ನಿಲ್ಲುತ್ತದೆ. ಅಂಥ ಕಡೆ, ಎಷ್ಟೇ ಹತ್ತಿರವಿದ್ದರೂ, ನಾನಾದರೆ ಹೋಗುವುದಿಲ್ಲ. ಸಾಲಿಸಿಟರ್‌ಗಳ ಹೆಸರನ್ನು ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿಯೂ ಲೈಸೆನ್ಸ್ಡ್ ಕನ್ವೇಯನ್ಸರ್‌ಗಳ ಹೆಸರನ್ನು ಅವರದೇ ಕೌನ್ಸಿಲಿನ ಪಟ್ಟಿಯಲ್ಲಿಯೂ ನೋಡಬಹುದು. ಈ ಎರಡನೆಯವರು ಮನೆ ಜಮೀನಿನ ವ್ಯವಹಾರಕ್ಕೆಂದೇ ಪರವಾನಗಿ ಪಡೆದವರು, ಆ ಕೆಲಸಕ್ಕೆ ಕಡಿಮೆಯವರೇನಲ್ಲ.

ಶುಲ್ಕವನ್ನು ಕಚೇರಿಯ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಸಾಲಿಸಿಟರ್‌ಗಳಿಗೆ 2018ರ ಡಿಸೆಂಬರಿನಿಂದ ನಿಯಮವಿದೆ. ಆದರೂ ಮೊದಲ ಸಾಲಿನ ಅಂಕಿಯನ್ನು ನೋಡಿ ತೀರ್ಮಾನಿಸಬೇಡ. ಲೀಸ್ ಇದ್ದರೆ ಇಷ್ಟು ಹೆಚ್ಚು, ಕೊಡುಗೆಯ ಹಣವಿದ್ದರೆ ಇಷ್ಟು, ಸ್ಟ್ಯಾಂಪ್ ಡ್ಯೂಟಿ ನಮೂನೆ ತುಂಬಲು ಇಷ್ಟು, ಪ್ರತಿ ಹಣ ವರ್ಗಾವಣೆಗೆ ಇಷ್ಟು ಎಂದು ಕೆಳಗಿನ ಸಾಲುಗಳಲ್ಲಿ ಬೆಳೆಯುತ್ತದೆ, ಎಲ್ಲದರ ಮೇಲೆ ಶೇಕಡಾ 20 ವ್ಯಾಟ್ ಬೇರೆ. ನಿನ್ನ ಪರಿಸ್ಥಿತಿಯನ್ನು ಪೂರ್ತಿ ವಿವರಿಸಿ, ಎಲ್ಲ ಸೇರಿಸಿ ಒಂದೇ ಮೊತ್ತ ಬರೆದುಕೊಡಿ ಎಂದು ಕೇಳು. ಹಾಗೆ ಕೂಡಿಸಿ ನೋಡಿದರೆ ಅಗ್ಗದ ದೂರದ ಕಂಪನಿಗೂ ಊರಿನ ವಕೀಲರಿಗೂ ಅಂತರ ಬಹಳ ಸಲ ಕೆಲವು ನೂರು ಪೌಂಡುಗಳಷ್ಟೇ.

ಹತ್ತಿರದ ಕಚೇರಿಯ ಇನ್ನೊಂದು ಲಾಭವನ್ನು ಹೇಳಲೇಬೇಕು. ಹಣ ಕಟ್ಟುವ ಹೊತ್ತಿಗೆ ಸರಿಯಾಗಿ ವಕೀಲರ ಹೆಸರಿನಲ್ಲಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಂಖ್ಯೆಗೆ ಕಳುಹಿಸಿ ಎಂಬ ಸುಳ್ಳು ಇಮೇಲ್ ಬಂದು ಠೇವಣಿಯನ್ನೇ ಕಳೆದುಕೊಂಡ ಕುಟುಂಬಗಳು ಈ ದೇಶದಲ್ಲಿವೆ. ಮೊದಲ ಭೇಟಿಯಲ್ಲಿಯೇ ಖಾತೆಯ ಸಂಖ್ಯೆಯನ್ನು ಕಾಗದದ ಮೇಲೆ ಪಡೆದುಕೋ. ಇಮೇಲಿನಲ್ಲಿ ಬಂದ ಯಾವ ಬದಲಾವಣೆಯನ್ನೂ ನಂಬದೆ, ಹಣ ಕಳುಹಿಸುವ ಮುನ್ನ ನಿನಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೋ.

ಬೀಗದ ಕೈ ಸಿಕ್ಕ ಮೇಲೂ ವಕೀಲರ ಕೆಲಸ ಮುಗಿದಿರುವುದಿಲ್ಲ. 14 ದಿನಗಳೊಳಗೆ ಸ್ಟ್ಯಾಂಪ್ ಡ್ಯೂಟಿಯ ವಿವರ ಸಲ್ಲಿಸಿ ತೆರಿಗೆ ಕಟ್ಟಬೇಕು, ಆಮೇಲೆ ಲ್ಯಾಂಡ್ ರಿಜಿಸ್ಟ್ರಿಗೆ ಅರ್ಜಿ ಹಾಕಬೇಕು. ನಿಮ್ಮಿಬ್ಬರ ಹೆಸರು ಬಂದ ದಾಖಲೆಯ ಪ್ರತಿಯನ್ನು ಕೇಳಿ ಪಡೆದುಕೋ. ಸದ್ಯಕ್ಕೆ ಏಜೆಂಟರಿಗೆ, ವಕೀಲರ ಹೆಸರನ್ನು ಒಂದು ವಾರ ಬಿಟ್ಟು ತಿಳಿಸುತ್ತೇವೆಂದು ಒಂದು ಸಾಲು ಬರೆದು ಹಾಕು. ಬೇರೆ ಬೇರೆ ಕಚೇರಿಗಳ ಶುಲ್ಕದ ಪತ್ರಗಳು ಬಂದ ಕೂಡಲೇ ನನಗೂ ಕಳುಹಿಸು, ಸಾಲು ಸಾಲಾಗಿ ಓದಿ ನನಗೆ ಕಂಡದ್ದನ್ನು ಅಂದೇ ಬರೆಯುತ್ತೇನೆ.

ನಿನ್ನ ಗೆಳೆಯ,
ಸ್ಟಾಕ್‌ಪೋರ್ಟಿನಿಂದ