ಅಲ್ರಿಕ್ ಕ್ರಾಸ್ ಸಿನಿಮಾವನ್ನು ಶಾಲೆಗಳಲ್ಲಿ ತೋರಿಸಿ: ಇಂಗ್ಲೆಂಡಿನ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ತಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಕಳಿಸಿರುವ ಮನವಿಯನ್ನೇ, ಇಲ್ಲಿನ ಕನ್ನಡಿಗ ತಂದೆತಾಯಂದಿರೂ ಓದಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫ್ರಾನ್ಸಿಸ್-ಆ್ಯನ್ ಸಾಲೊಮನ್ ನಿರ್ದೇಶಿಸಿದ ‘ಹೀರೋ’ ಚಿತ್ರವನ್ನು ಪ್ರೌಢಶಾಲೆಗಳಲ್ಲಿ ತೋರಿಸಲು ಏರ್ಪಾಡು ಮಾಡಿ. ಪ್ರದರ್ಶನದ ಹಕ್ಕಿನ ಖರ್ಚನ್ನು ಶಾಲೆಗಳ ತಲೆಗೆ ಕಟ್ಟದೆ ಇಲಾಖೆಯೇ ಭರಿಸಲಿ.

ಇದು ಅಲ್ರಿಕ್ ಕ್ರಾಸ್ ಅವರ ಬದುಕಿನ ಚಿತ್ರ. 1917ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದ ಅವರು 1941ರಲ್ಲಿ ಬ್ರಿಟನ್ನಿನ ವಾಯುಪಡೆ ರಾಯಲ್ ಏರ್ ಫೋರ್ಸ್ ಸೇರಿದರು. ಕಪ್ಪು ಜನ ಅಲ್ಲಿ ಅಧಿಕಾರಿಗಳಾಗಲು ಇದ್ದ ತಡೆಯನ್ನು ಸರ್ಕಾರ ತೆಗೆದದ್ದೇ 1939ರಲ್ಲಿ, ಯುದ್ಧ ಶುರುವಾದ ಮೇಲೆ. ಕ್ರಾಸ್ ಇದ್ದ 139ನೇ ಸ್ಕ್ವಾಡ್ರನ್‌ಗೆ ಜಮೈಕಾದ ಹೆಸರಿತ್ತು. ಆ ದ್ವೀಪದ ಜನ ಬಾಂಬರ್ ವಿಮಾನಗಳಿಗೆಂದು ಚಂದಾ ಎತ್ತಿ ಕೊಟ್ಟಿದ್ದರು. ಮರದಿಂದ ಕಟ್ಟಿದ ಮಾಸ್ಕಿಟೊ ವಿಮಾನದಲ್ಲಿ ಕೂರುತ್ತಿದ್ದವರು ಇಬ್ಬರೇ, ಪೈಲಟ್ ಮತ್ತು ನ್ಯಾವಿಗೇಟರ್. ಕಗ್ಗತ್ತಲಲ್ಲಿ ನಕ್ಷೆ, ಗಡಿಯಾರ, ಗಾಳಿಯ ಲೆಕ್ಕ ನೋಡಿ ದಾರಿ ಹೇಳುವುದು ಕ್ರಾಸ್ ಕೆಲಸ. ಲೆಕ್ಕ ತಪ್ಪಿದರೆ ಇಬ್ಬರ ಜೀವಕ್ಕೂ ಅಪಾಯ. ಹಾಗೆ 80 ಬಾರಿ ದಾಳಿಗೆ ಹೋಗಿ ಬಂದರು. ಬ್ರಿಟನ್ನಿನ ಶೌರ್ಯ ಪದಕಗಳಾದ ಡಿಎಫ್‌ಸಿ, ಡಿಎಸ್‌ಒ ಎರಡೂ ಅವರಿಗೆ ಸಂದವು.

ವಿಮಾನ ಹಾರುವ ದೃಶ್ಯಗಳನ್ನಷ್ಟೇ ತೋರಿಸಿ ಚಿತ್ರ ನಿಲ್ಲಿಸಲು ಮಾತ್ರ ಬಿಡಬೇಡಿ. ನನ್ನ ಮುಖ್ಯ ಕೋರಿಕೆ ಇದೇ. ಬ್ರಿಟನ್ನಿಗಾಗಿ ಜೀವ ಪಣಕ್ಕಿಟ್ಟ ಈ ಮನುಷ್ಯ ಮುಂದೆ ವಕೀಲರಾಗಿ, ಆಗಷ್ಟೇ ಬ್ರಿಟನ್ನಿನ ಹಿಡಿತದಿಂದ ಬಿಡಿಸಿಕೊಂಡಿದ್ದ ಘಾನಾಕ್ಕೆ ಹೋದರು, ಆಮೇಲೆ ಕ್ಯಾಮರೂನಿಗೆ. ಟಾಂಜಾನಿಯಾದಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು. 1971ರಲ್ಲಿ ಊರಿಗೆ ಮರಳಿ ಅಲ್ಲೂ ನ್ಯಾಯಪೀಠದಲ್ಲಿ ಕೂತರು. ಹಳೆಯ ಸುದ್ದಿಚಿತ್ರಗಳನ್ನೂ ನಟನೆಯನ್ನೂ ಬೆರೆಸಿದ ಈ ಸಿನಿಮಾ ಆಫ್ರಿಕಾದ ಆ ವರ್ಷಗಳನ್ನು ಮನಸಿಟ್ಟು ಹೇಳುತ್ತದೆ. ಸಾಮ್ರಾಜ್ಯಕ್ಕಾಗಿ ಹೋರಾಡಿದವರೇ ಸಾಮ್ರಾಜ್ಯ ಮುಗಿದ ಮೇಲೆ ಹೊಸ ದೇಶಗಳ ಕಾನೂನು ಕಟ್ಟಲು ಹೋದದ್ದು ನಮ್ಮ ಮಕ್ಕಳಿಗೆ ಯಾಕೆ ಗೊತ್ತಿರಬಾರದು?

ಅಕ್ಟೋಬರ್ ತಿಂಗಳ ಕಪ್ಪು ಜನರ ಇತಿಹಾಸದ ಆಚರಣೆಗೆಂದು ಇದನ್ನು ಎತ್ತಿಡುವುದೂ ಬೇಡ. ಎರಡನೇ ಮಹಾಯುದ್ಧದ ಪಾಠ ನಡೆಯುವ ವಾರದಲ್ಲೇ ಎಲ್ಲ ಮಕ್ಕಳೂ ನೋಡಲಿ. 1948ರಲ್ಲಿ ಕೆರಿಬಿಯನ್ ದ್ವೀಪಗಳ ಜನರನ್ನು ಇಲ್ಲಿಗೆ ಕರೆತಂದ ವಿಂಡ್‌ರಷ್ ಹಡಗಿನಿಂದ ಇಳಿದವರಲ್ಲಿ ಇದೇ ವಾಯುಪಡೆಯಲ್ಲಿ ದುಡಿದವರು ಅನೇಕರಿದ್ದರು. ಅಂಥವರಿಗೂ ಇಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಾಗಿತ್ತು. 1940ರಲ್ಲಿ ಭಾರತದಿಂದಲೂ 24 ಪೈಲಟ್‌ಗಳು ಇಲ್ಲಿಗೆ ಬಂದಿದ್ದರು. ನಮ್ಮ ಮನೆಗಳ ಮಕ್ಕಳಿಗೂ ಅದು ತಿಳಿದಿಲ್ಲ.

ಕ್ರಾಸ್ 2013ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ತಲೆಮಾರಿನವರ ಮಕ್ಕಳು, ಮೊಮ್ಮಕ್ಕಳು ಈ ದೇಶದಲ್ಲೇ ಇದ್ದಾರೆ. ಚಿತ್ರದ ಜೊತೆ ಶಿಕ್ಷಕರಿಗೆ ಕೊಡುವ ಕೈಪಿಡಿಯನ್ನು ಅವರನ್ನು ಕೂರಿಸಿಕೊಂಡು ಬರೆಸಿ, ಬರುವ ಶಾಲಾವರ್ಷ ಶುರುವಾಗುವ ಮೊದಲೇ ಶಾಲೆಗಳಿಗೆ ತಲುಪಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ಇಂಗ್ಲೆಂಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಒಬ್ಬ ಕನ್ನಡತಿ