ಗೆಳೆಯನಿಗೊಂದು ಪತ್ರ: ಇಬ್ಬರು ವೈರಿಗಳು ಸೇರಿ ಮುಗಿಸಿದ ಕೆಲಸ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಶೀತಲ ಸಮರದ ಪಾಠ ಮಾಡುವಾಗ ನಿನಗೇ ಬೇಸರ ಬರುತ್ತದೆ ಎಂದಿದ್ದೀಯ. ಬರ್ಲಿನ್, ಕೊರಿಯಾ, ಕ್ಯೂಬಾ, ವಿಯೆಟ್ನಾಂ, ಅಫ್ಘಾನಿಸ್ತಾನ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. "ಸಾರ್, ಆ ಎರಡು ದೇಶ ಸೇರಿ ಒಂದಾದರೂ ಒಳ್ಳೇ ಕೆಲಸ ಮಾಡಲಿಲ್ವಾ?" ಎಂದು ನಿನ್ನ ಕ್ಲಾಸಿನ ಹುಡುಗಿ ಕೇಳಿದಳು, ಅಷ್ಟರಲ್ಲಿ ಬೆಲ್ ಹೊಡೆಯಿತು, ಉತ್ತರ ಹಾಗೇ ಉಳಿಯಿತು ಅಂತ ಬರೆದಿದ್ದೀಯ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಅದಕ್ಕೆ ಉತ್ತರ ಇದೆ. ಸಣ್ಣ ಉತ್ತರವೇನಲ್ಲ. ಸಿಡುಬು.

ನಮ್ಮ ಊರುಗಳಲ್ಲಿ ಅದರ ಹೆಸರೆತ್ತಲೂ ಹೆದರುತ್ತಿದ್ದರು. ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ಮಾರಮ್ಮನಿಗೆ ಹರಕೆ. ರೋಗ ಹಿಡಿದವರಲ್ಲಿ ಹತ್ತಕ್ಕೆ ಮೂವರು ಸಾಯುತ್ತಿದ್ದರು. ಬದುಕಿದವರ ಮುಖದ ತುಂಬ ಕುಳಿ. ಕೆಲವರಿಗೆ ಕಣ್ಣೂ ಹೋಗುತ್ತಿತ್ತು. 20ನೇ ಶತಮಾನ ಒಂದರಲ್ಲೇ ಅದು ಸುಮಾರು 30 ಕೋಟಿ ಜನರನ್ನು ಕೊಂದಿತು ಎಂದು ಅಂದಾಜು. ಎರಡೂ ಮಹಾಯುದ್ಧಗಳಲ್ಲಿ ಸತ್ತವರನ್ನು ಸೇರಿಸಿದರೂ ಅಷ್ಟಾಗುವುದಿಲ್ಲ. ಇವತ್ತು ನಿನ್ನ ಕ್ಲಾಸಿನ ಒಂದು ಮಗುವಿಗೂ ಅದು ಹೇಗಿರುತ್ತದೆ ಅಂತ ಗೊತ್ತಿಲ್ಲ. ಅದನ್ನು ಇಲ್ಲವಾಗಿಸುವ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ದೊಡ್ಡವರು, ಒಬ್ಬರ ಮೇಲೊಬ್ಬರು ಅಣುಬಾಂಬು ಗುರಿಯಿಟ್ಟು ಕೂತಿದ್ದ ಆ ಇಬ್ಬರೇ.

ಶುರುವಾದದ್ದು 1958ರಲ್ಲಿ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಮೇಲೆ ಹೋಗಿತ್ತು, ಅಮೆರಿಕಕ್ಕೆ ನಿದ್ದೆ ಹತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಡೆಯಿತು. ಸೋವಿಯತ್ ಒಕ್ಕೂಟ 1949ರಲ್ಲಿ ಆ ಸಂಸ್ಥೆಯಿಂದ ಮುನಿಸಿಕೊಂಡು ಹೊರಗೆ ಹೋಗಿತ್ತು. ಸ್ಟಾಲಿನ್ ಸತ್ತ ಮೇಲೆಯೇ ಮರಳಿ ಬಂದದ್ದು. ಅಲ್ಲಿನ ಆರೋಗ್ಯ ಇಲಾಖೆಯ ಉಪಮಂತ್ರಿ ವಿಕ್ಟರ್ ಝ್ದಾನೋವ್, ಸ್ವತಃ ವೈರಸ್ ತಜ್ಞ, ಎದ್ದು ನಿಂತು ಒಂದು ಪ್ರಸ್ತಾವ ಇಟ್ಟರು. ಸಿಡುಬನ್ನು ಹತೋಟಿಯಲ್ಲಿಡುವ ಮಾತು ಸಾಕು, ಭೂಮಿಯಿಂದಲೇ ಅಳಿಸೋಣ ಅಂತ. ಮಾತಿನ ನಡುವೆ ಅವರು ಯಾರನ್ನು ನೆನೆದರು ಗೊತ್ತಾ? ಲೆನಿನ್‌ನನ್ನಲ್ಲ. ಅಮೆರಿಕದ ಮೂರನೇ ಅಧ್ಯಕ್ಷ ಜೆಫರ್ಸನ್‌ನನ್ನು. ಲಸಿಕೆ ಕಂಡುಹಿಡಿದ ಜೆನ್ನರ್‌ಗೆ ಜೆಫರ್ಸನ್ 1806ರಲ್ಲಿ ಒಂದು ಕಾಗದ ಬರೆದಿದ್ದ, ಮುಂದಿನ ಜನ ಈ ರೋಗವನ್ನು ಚರಿತ್ರೆಯಲ್ಲಿ ಮಾತ್ರ ಓದಿ ತಿಳಿಯುತ್ತಾರೆ ಎಂದು. ಎದುರಾಳಿಯ ಅಂಗಳದಲ್ಲಿ ನಿಂತು ಎದುರಾಳಿಯ ಹಿರಿಯನ ಮಾತನ್ನೇ ಎತ್ತಿ ಹೇಳುವುದು ಸುಮ್ನೆ ಆಗುವ ಕೆಲಸವಲ್ಲ. ನನಗೆ ಆ ಗಳಿಗೆ ತುಂಬ ಇಷ್ಟ.

ಬರೀ ಮಾತಲ್ಲ, ಎರಡೂವರೆ ಕೋಟಿ ಡೋಸ್ ಲಸಿಕೆ ಕೊಡುತ್ತೇವೆ ಎಂದೂ ಅವರು ಹೇಳಿದರು. ಒಣಗಿಸಿ ಪುಡಿ ಮಾಡಿದ ಲಸಿಕೆ. ಹಳೆಯ ನೀರಿನಂಥ ಲಸಿಕೆ ನಮ್ಮ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ಪುಡಿ ಲಸಿಕೆ ಐಸ್ ಇಲ್ಲದೆ ಸುಡು ಬಿಸಿಲಿನಲ್ಲೂ ತಿಂಗಳು ತಡೆಯುತ್ತಿತ್ತು. ಕರೆಂಟೇ ಇಲ್ಲದ ಹಳ್ಳಿಗೆ ಲಸಿಕೆ ಒಯ್ಯಲು ಸಾಧ್ಯವಾದದ್ದು ಅದರಿಂದ. ಕೊನೆಗೆ ಸೋವಿಯತ್ ಒಕ್ಕೂಟ ಕೊಟ್ಟ ಲಸಿಕೆ 140 ಕೋಟಿ ಡೋಸ್ ದಾಟಿತು. ನಮ್ಮ ದೇಶಕ್ಕೂ ಕೋಟಿಗಟ್ಟಲೆ ಬಂತು. ಆಮೇಲೆ ನಾವೇ ತಯಾರಿಸತೊಡಗಿದೆವು. ಇದನ್ನು ಮಾಡಿದ ನಾಲ್ಕು ಕೇಂದ್ರಗಳಲ್ಲಿ ಒಂದು ನಮ್ಮ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್. ನಿನ್ನ ಮಕ್ಕಳಿಗೆ ಇದನ್ನು ಮರೆಯದೆ ಹೇಳು.

ಅವರು ಪುಣ್ಯಕ್ಕಾಗಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಸ್ವಾರ್ಥವೂ ಇತ್ತು. ತಮ್ಮ ನೆಲದಲ್ಲಿ 1936ರ ಹೊತ್ತಿಗೇ ಸಿಡುಬು ನಿಂತಿದ್ದರೂ ಗಡಿಯಾಚೆಯಿಂದ ಬರುವ ಭಯ ತಪ್ಪಿರಲಿಲ್ಲ. 1959ರ ಕೊನೆಯಲ್ಲಿ ಕೊಕೊರೆಕಿನ್ ಎಂಬ ಹೆಸರಾಂತ ಪೋಸ್ಟರ್ ಕಲಾವಿದ ಭಾರತ ಸುತ್ತಿ ಮಾಸ್ಕೋಗೆ ಮರಳಿದ. ಬಂದವನೇ ಜ್ವರ ಬಂದು ತೀರಿಕೊಂಡ. ಅದು ಸಿಡುಬು ಎಂದು ವೈದ್ಯರಿಗೆ ಗೊತ್ತಾಗುವಷ್ಟರಲ್ಲಿ 40ಕ್ಕೂ ಹೆಚ್ಚು ಮಂದಿಗೆ ತಗುಲಿತ್ತು. ಇಡೀ ಮಾಸ್ಕೋಗೆ ಅವಸರ ಅವಸರವಾಗಿ ಲಸಿಕೆ ಹಾಕಬೇಕಾಯಿತು. ಭಾರತದ ಹಳ್ಳಿಯಲ್ಲಿ ಸಿಡುಬು ಇರುವ ತನಕ ಮಾಸ್ಕೋಗೂ ನ್ಯೂಯಾರ್ಕಿಗೂ ನೆಮ್ಮದಿಯಿಲ್ಲ ಎಂಬ ಲೆಕ್ಕ ಇಬ್ಬರಿಗೂ ಅರ್ಥವಾಗಿತ್ತು.

ಮೊದಲ ಎಂಟು ವರ್ಷ ಕೆಲಸ ಕುಂಟುತ್ತಲೇ ಸಾಗಿತು. ದುಡ್ಡಿಲ್ಲ, ಜನ ಇಲ್ಲ. ಅಮೆರಿಕದ ಗಮನವೆಲ್ಲ ಮಲೇರಿಯಾ ಮೇಲೆ. 1966ರಲ್ಲಿ ಹತ್ತು ವರ್ಷದ ಗಟ್ಟಿ ಯೋಜನೆಗೆ ಹಣ ಕೇಳಿದಾಗ ಸಭೆಯಲ್ಲಿ ಎರಡೇ ಎರಡು ಮತದ ಅಂತರದಲ್ಲಿ ಪಾಸಾಯಿತು. ಎರಡೇ ಮತ! ಸಂಸ್ಥೆಯ ಮುಖ್ಯಸ್ಥರಾಗಿದ್ದ ಬ್ರೆಜಿಲ್‌ನ ಮಾರ್ಕೊಲಿನೊ ಕ್ಯಾಂಡೌ ಅವರಿಗೇ ಇದು ಆಗಿಹೋಗುವ ಕೆಲಸ ಎಂಬ ನಂಬಿಕೆ ಇರಲಿಲ್ಲ. ಸೋತರೆ ಅಮೆರಿಕದ ತಲೆಗೇ ಬರಲಿ ಎಂದು ಅಮೆರಿಕದವನನ್ನೇ ಮುಖ್ಯಸ್ಥನನ್ನಾಗಿ ಕೇಳಿದರಂತೆ. ಹಾಗೆ ಬಂದವರು ಡಿ. ಎ. ಹೆಂಡರ್ಸನ್. ಇದನ್ನು ಅವರೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅಲ್ಲಿಗೆ ಲಸಿಕೆಯ ದೊಡ್ಡ ಪಾಲು ರಷ್ಯಾದ್ದು, ಯೋಜನೆಯ ಮುಖ್ಯಸ್ಥ ಅಮೆರಿಕದವ. ಅದು ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ ಕಾಲ. ಉತ್ತರ ವಿಯೆಟ್ನಾಂನವರ ಕೈಯಲ್ಲಿದ್ದದ್ದು ಸೋವಿಯತ್ ಕ್ಷಿಪಣಿ, ಅವರ ಮೇಲೆ ಬೀಳುತ್ತಿದ್ದದ್ದು ಅಮೆರಿಕದ ಬಾಂಬು. ಅದೇ ಹೊತ್ತಿನಲ್ಲಿ ಏಷ್ಯಾ, ಆಫ್ರಿಕಾದಿಂದ ಬಂದ ಸಿಡುಬಿನ ಹಕ್ಕಳೆಗಳನ್ನು ಪರೀಕ್ಷೆ ಮಾಡಿ ಫಲಿತಾಂಶ ಹೇಳುತ್ತಿದ್ದ ಎರಡು ಮುಖ್ಯ ಲ್ಯಾಬುಗಳೆಂದರೆ ಒಂದು ಅಮೆರಿಕದ ಅಟ್ಲಾಂಟಾ, ಇನ್ನೊಂದು ಮಾಸ್ಕೋ.

ಇನ್ನು ಆ ಸೂಜಿ. ಫೋರ್ಕಿನಂತೆ ತುದಿ ಎರಡಾಗಿ ಸೀಳಿದ, ಬೆರಳುದ್ದದ ಸೂಜಿ. ಅಮೆರಿಕದ ವೈಯೆತ್ ಕಂಪನಿಯಲ್ಲಿ ಬೆಂಜಮಿನ್ ರೂಬಿನ್ ರೂಪಿಸಿದ್ದು. ಈ ಕೆಲಸಕ್ಕಾಗಿ ಕಂಪನಿ ರಾಯಲ್ಟಿ ಬಿಟ್ಟುಕೊಟ್ಟಿತು. ಲಸಿಕೆಯಲ್ಲಿ ಅದ್ದಿ ಎತ್ತಿದರೆ ಎರಡು ಮೊನೆಗಳ ನಡುವೆ ಒಂದು ಸಣ್ಣ ಹನಿ ನಿಲ್ಲುತ್ತದೆ. ಒಂದು ಡೋಸಿಗೆ ಅಷ್ಟೇ ಬೇಕು. ತೋಳಿನ ಮೇಲೆ ಚಕಚಕನೆ ಹದಿನೈದು ಸಲ ಚುಚ್ಚಬೇಕು, ರಕ್ತದ ಚುಕ್ಕೆ ಕಾಣಬೇಕು, ಮುಗಿಯಿತು. 25 ಜನರಿಗೆ ಆಗುತ್ತಿದ್ದ ಸೀಸೆ 100 ಜನರಿಗೆ ಬಂತು. ಸಂಜೆ ಸೂಜಿಗಳನ್ನು ಕುದಿಸಿ ಮರುದಿನ ಮತ್ತೆ ಬಳಸುತ್ತಿದ್ದರು. ಓದು ಬರಹ ಬಾರದವರಿಗೂ ಸ್ವಲ್ಪ ಹೊತ್ತಿನಲ್ಲಿ ಕಲಿಸಬಹುದಾಗಿತ್ತು. ನಮ್ಮ ಹಿರಿಯರ ತೋಳಿನಲ್ಲಿರುವ ದುಂಡನೆಯ ಕಲೆಗಳಲ್ಲಿ ಕೊನೆಕೊನೆಯವು ಇದೇ ಸೂಜಿಯವು. ರಷ್ಯಾದ ಪುಡಿಗೆ ಅಮೆರಿಕದ ಸೂಜಿ ಜೊತೆಯಾಯಿತು. ನಿನ್ನ ಹುಡುಗಿಗೆ ಇದೊಂದನ್ನೇ ಹೇಳಿದರೂ ಸಾಕು.

ಆದರೆ ಲಸಿಕೆ, ಸೂಜಿ ಇದ್ದಮಾತ್ರಕ್ಕೆ ರೋಗ ಹೋಗಲಿಲ್ಲ. ಕೆಲಸ ಮುಗಿಸಿದವರು ಕಾಲ್ನಡಿಗೆಯ ಜನ. ನಮ್ಮ ದೇಶದ ಬಗ್ಗೆಯೇ ಹೇಳುತ್ತೇನೆ. 1974ರಲ್ಲಿ ಭಾರತದಲ್ಲಿ 1,88,000 ಜನಕ್ಕೆ ಸಿಡುಬು ಬಂತು, 30,000ಕ್ಕೂ ಹೆಚ್ಚು ಜನ ಸತ್ತರು. ಬಿಹಾರದ್ದೇ ಸಿಂಹಪಾಲು. ಆ ಮೇ ತಿಂಗಳು ನೆನೆಸಿಕೋ. ರೈಲ್ವೆ ಮುಷ್ಕರ. 18ನೇ ತಾರೀಕು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ. ಅಣುಬಾಂಬಿನ ಸುದ್ದಿಗೆ ಓಡಿಬಂದ ವಿದೇಶಿ ಪತ್ರಕರ್ತರು, ಇದೇ ದೇಶದಲ್ಲಿ ಮಕ್ಕಳು ಸಿಡುಬಿನಿಂದ ಸಾಯುತ್ತಿದ್ದಾರೆ ಎಂದೂ ಬರೆದರು. ಬಿಹಾರದ ಆರೋಗ್ಯ ಮಂತ್ರಿಗೆ ಭಯ ಹತ್ತಿತು. ರೋಗಿಯನ್ನು ಹುಡುಕಿ ಅವನ ಸುತ್ತಲಿನವರಿಗೆ ಮಾತ್ರ ಲಸಿಕೆ ಹಾಕುವ ಹೊಸ ಪದ್ಧತಿ ಬಿಡಿ, ಮೊದಲಿನಂತೆ ಎಲ್ಲರಿಗೂ ಹಾಕಿ ಎಂದರು. ಈ ಯೋಜನೆಯಲ್ಲಿ ದುಡಿಯುತ್ತಿದ್ದ ಅಮೆರಿಕದ ವೈದ್ಯ ವಿಲಿಯಂ ಫೇಗಿ ಆ ಸಭೆಯಲ್ಲಿದ್ದರು. ಆಗ ಒಬ್ಬ ಎಳೆಯ ಭಾರತೀಯ ವೈದ್ಯ ಎದ್ದು ನಿಂತು, ನಮ್ಮ ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಆ ಮನೆಗೇ ನೀರು ಹೊಯ್ಯುತ್ತೇವೆ, ಊರಿನ ಎಲ್ಲ ಮನೆಗೂ ಅಲ್ಲ ಎಂದರಂತೆ. ಮಂತ್ರಿ ಇನ್ನೊಂದು ತಿಂಗಳು ಸಮಯ ಕೊಟ್ಟರು. ಅಷ್ಟು ಸಾಕಾಯಿತು.

ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮನೆಮನೆ ಹೊಕ್ಕರು. ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು. ಇಂಥವರನ್ನು ನೋಡಿದ್ದೀರಾ ಅಂತ ಸಂತೆಯಲ್ಲಿ, ಶಾಲೆಯಲ್ಲಿ ಕೇಳುವುದು. ತೋರಿಸಿದವರಿಗೆ ಬಹುಮಾನ, ಕೊನೆಕೊನೆಗೆ ಅದು 1,000 ರೂಪಾಯಿಗೆ ಏರಿತ್ತು. ರೋಗಿ ಸಿಕ್ಕಿದ ಮನೆ ಬಾಗಿಲಿಗೆ ಹಗಲು ರಾತ್ರಿ ಕಾವಲು. ದೆಹಲಿಯ ಕಚೇರಿಯಲ್ಲಿ ಫೇಗಿ ಪಕ್ಕದಲ್ಲಿ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಝ್ಡೆನೊ ಯೆಝೆಕ್ ಇದ್ದರು. ನಮ್ಮವರಾದ ಎಂ. ಐ. ಡಿ. ಶರ್ಮಾ, ಮಹೇಂದ್ರ ದತ್ತಾ ಇದ್ದರು. ಒಂದೇ ವರ್ಷ. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಪ್ರಕರಣ ಕಂಡಿತು. ಎಂಥಾ ವರ್ಷ ಅಲ್ವಾ ಅದು! ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ನಾಲ್ಕು ಸಾಲೂ ಸಿಗುವುದಿಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ವಿಷಯ.

ಜಗತ್ತಿನಲ್ಲಿ ತಾನಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಸೊಮಾಲಿಯಾದ ಮೆರ್ಕಾ ಊರಿನ ಆಸ್ಪತ್ರೆಯ ಅಡುಗೆಯವ, ಅಲಿ ಮಾವ್ ಮಾಲಿನ್. 1977ರ ಅಕ್ಟೋಬರ್. ಸಿಡುಬೆದ್ದ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ಗಾಡಿಗೆ ದಾರಿ ತೋರಿಸಲು ಆತ ಕೆಲವು ನಿಮಿಷ ಹತ್ತಿ ಕೂತಿದ್ದ, ಅಷ್ಟೇ. ಸೂಜಿ ನೋಯುತ್ತದೆ ಎಂಬ ಹೆದರಿಕೆಗೆ ಅವನು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಆ ಹೊತ್ತಿಗೆ ಸೊಮಾಲಿಯಾ ಮತ್ತು ಇಥಿಯೋಪಿಯಾ ನಡುವೆ ಒಗಡೆನ್ ಯುದ್ಧ ನಡೆಯುತ್ತಿತ್ತು. ಅದರಲ್ಲೂ ಇದೇ ಇಬ್ಬರ ಕೈ. ಸೊಮಾಲಿಯಾಕ್ಕೆ ಬಂದೂಕು ಕೊಟ್ಟಿದ್ದ ಸೋವಿಯತ್ ಒಕ್ಕೂಟ ಇಥಿಯೋಪಿಯಾ ಕಡೆಗೆ ವಾಲಿತ್ತು. ನವೆಂಬರಿನಲ್ಲಿ ಸೊಮಾಲಿಯಾ ಸೋವಿಯತ್ ಸಲಹೆಗಾರರನ್ನು ಹೊರಗೆ ಹಾಕಿತು. ಆ ಗದ್ದಲದ ನಡುವೆಯೇ ಲಸಿಕೆಯವರು ಮಾಲಿನ್‌ನ ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ಚುಚ್ಚಿದರು. ಅವನು ಬದುಕಿದ. ಮುಂದೆ ಪೋಲಿಯೊ ಲಸಿಕೆಗಾಗಿ ಊರೂರು ತಿರುಗಿದ. ಲಸಿಕೆಗೆ ಹೆದರುವವರಿಗೆ ತನ್ನ ಕಥೆಯನ್ನೇ ಹೇಳುತ್ತಿದ್ದ. 2013ರಲ್ಲಿ, ಆ ಕೆಲಸದಲ್ಲಿರುವಾಗಲೇ ಮಲೇರಿಯಾದಿಂದ ತೀರಿಕೊಂಡ.

1980ರ ಮೇ 8ರಂದು ಸಿಡುಬು ಮುಗಿಯಿತು ಎಂದು ಘೋಷಿಸಿದರು. ಆಗ ಸೋವಿಯತ್ ಟ್ಯಾಂಕುಗಳು ಅಫ್ಘಾನಿಸ್ತಾನದಲ್ಲಿದ್ದವು, ಮಾಸ್ಕೋ ಒಲಿಂಪಿಕ್ಸಿಗೆ ಹೋಗುವುದಿಲ್ಲ ಎಂದು ಅಮೆರಿಕ ಹಟ ಹಿಡಿದಿತ್ತು.

ಇಲ್ಲಿಗೆ ನಿಲ್ಲಿಸಿದರೆ ನಿನಗೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. 1972ರಲ್ಲಿ ಜೈವಿಕ ಅಸ್ತ್ರ ಬೇಡವೆಂಬ ಒಪ್ಪಂದಕ್ಕೆ ಎರಡೂ ದೇಶ ಸಹಿ ಹಾಕಿದವು. ಅಮೆರಿಕ ಅದಕ್ಕೂ ಮೊದಲೇ, 1969ರಲ್ಲಿ, ತನ್ನ ಅಸ್ತ್ರಗಳನ್ನು ಕೈಬಿಡುವುದಾಗಿ ಹೇಳಿತ್ತು. ಸೋವಿಯತ್ ಒಕ್ಕೂಟ ಸಹಿ ಹಾಕಿಯೂ ಗುಟ್ಟಾಗಿ ಕೆಲಸ ಮುಂದುವರಿಸಿತು. 1992ರಲ್ಲಿ ಅಮೆರಿಕಕ್ಕೆ ಹೋದ ವಿಜ್ಞಾನಿ ಕೆನ್ ಅಲಿಬೆಕ್, ಸಿಡುಬಿನ ವೈರಸ್ಸನ್ನೇ ಟನ್‌ಗಟ್ಟಲೆ ಬೆಳೆಸಿ ಇಟ್ಟಿದ್ದರು ಎಂದರು. ಅದಕ್ಕೆ ಬಳಸಿದ ತಳಿ ಭಾರತದಿಂದ ಒಯ್ದದ್ದು ಎಂದೂ ಹೇಳಿದರು. ಅಂದರೆ ನಮ್ಮ ಯಾವುದೋ ಹಳ್ಳಿಯ ರೋಗಿಯ ಮೈಮೇಲಿನದು. ಇನ್ನೂ ಸಂಕಟದ ಸಂಗತಿ ಎಂದರೆ, ಆ ಗುಟ್ಟಿನ ಕಾರ್ಯಕ್ರಮಕ್ಕೆ ಸಲಹೆ ಕೊಡುತ್ತಿದ್ದ ವಿಜ್ಞಾನಿಗಳ ಮಂಡಳಿಗೆ ಅಧ್ಯಕ್ಷರಾಗಿದ್ದವರು ಅದೇ ವಿಕ್ಟರ್ ಝ್ದಾನೋವ್. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಹಾಗಂತ 1958ರ ಆ ಭಾಷಣದ ಬೆಲೆ ಕಡಿಮೆಯಾಗುತ್ತದಾ? ಇಲ್ಲ ಅನ್ನುತ್ತೇನೆ. ಅದರಿಂದ ಬದುಕಿದವರು ಬದುಕಿದ್ದಾರೆ. ಆದರೆ ಆ ಹುಡುಗಿಗೆ ಎರಡನ್ನೂ ಹೇಳು. ಒಂದನ್ನೇ ಹೇಳಿದರೆ ಅವಳು ಶೀತಲ ಸಮರವನ್ನು ಸರಿಯಾಗಿ ತಿಳಿದ ಹಾಗಾಗುವುದಿಲ್ಲ.

ಕಥೆ ಇನ್ನೂ ಪೂರ್ತಿ ಮುಗಿದಿಲ್ಲ. ವೈರಸ್ ಈಗ ಅಧಿಕೃತವಾಗಿ ಎರಡೇ ಕಡೆ ಇದೆ. ಒಂದು ಅಟ್ಲಾಂಟಾದಲ್ಲಿ, ಇನ್ನೊಂದು ಸೈಬೀರಿಯಾದ ಕೊಲ್ಟ್ಸೊವೊದಲ್ಲಿ. ಅದನ್ನು ನಾಶ ಮಾಡುವ ಮಾತು 1990ರ ದಶಕದಿಂದ ಮುಂದಕ್ಕೆ ಹೋಗುತ್ತಲೇ ಇದೆ. ಹೊಸ ಔಷಧಿ, ಹೊಸ ಲಸಿಕೆಯ ಸಂಶೋಧನೆಗೆ ಬೇಕು ಎಂದು ಇಬ್ಬರೂ ಹೇಳುತ್ತಾರೆ. ಒಪ್ಪುವ ವಿಜ್ಞಾನಿಗಳೂ ಇದ್ದಾರೆ. ನನಗೆ ಮಾತ್ರ ಅದು ಹಳೆಯ ಅಪನಂಬಿಕೆಯ ಉಳಿಕೆ ಅನ್ನಿಸುತ್ತದೆ. ಇಬ್ಬರೂ ಒಂದೇ ದಿನ, ಪರದೇಶದ ಸಾಕ್ಷಿಗಳ ಎದುರು, ಅದನ್ನು ಸುಟ್ಟುಹಾಕಬೇಕು ಎಂಬುದು ನನ್ನ ಅಭಿಪ್ರಾಯ. ನಿನ್ನ ಕ್ಲಾಸಿನಲ್ಲಿ ಇದರ ಮೇಲೆ ಚರ್ಚೆ ಇಡು. ಮಕ್ಕಳು ಏನಂದರು, ನೀನೇನಂದೆ, ಎರಡನ್ನೂ ಬರೆ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ಗೆಳೆಯ