ಬೇಸಿಗೆಯ ಕಾಡಿಗೆ ಮಿಲಿಟರಿ ಬಟ್ಟೆ ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಹಕ್ಕಿ ನೋಡಲು, ಫೋಟೊ ತೆಗೆಯಲು ಮಲೆನಾಡಿಗೆ ಬರುವವರಿಗೆ ನಿಮ್ಮ ಪತ್ರಿಕೆ ಕೊಟ್ಟ ಸಲಹೆಗಳಲ್ಲಿ ‘ಮಿಲಿಟರಿ ಬಣ್ಣದ ಬಟ್ಟೆ ಧರಿಸಿ’ ಎಂಬ ಒಂದು ಸಾಲಿತ್ತು. ಉಳಿದದ್ದಕ್ಕೆ ನಮ್ಮ ತಕರಾರಿಲ್ಲ. ಆದರೆ ಈ ಸಾಲನ್ನು ನಂಬಿ ದಪ್ಪ ಡ್ರಿಲ್ ಪ್ಯಾಂಟು ಕೊಂಡವರು ಏಪ್ರಿಲ್ ತಿಂಗಳಲ್ಲಿ ಲಕ್ಕವಳ್ಳಿಯ ಕಾಡಂಚಿನಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ತೊಯ್ದು ತೊಪ್ಪೆಯಾಗಿರುತ್ತಾರೆ. ಸೆಖೆಗೆ ಮೈ ಕೆರೆದುಕೊಳ್ಳುತ್ತ, ಪದೇ ಪದೇ ಜಾಗ ಬದಲಿಸುತ್ತ ಕೂತವರ ಹತ್ತಿರ ಯಾವ ಹಕ್ಕಿಯೂ ಬರುವುದಿಲ್ಲ. ಬೇಸಿಗೆಯಲ್ಲಿ ಮರೆಯುಡುಪಿನ (ಸುತ್ತಲಿನ ಕಾಡಿನ ಬಣ್ಣದಲ್ಲಿ ಬೆರೆತುಹೋಗುವ ಉಡುಪಿನ) ಮೊದಲ ಕೆಲಸ ತೊಟ್ಟವರನ್ನು ಎರಡು ತಾಸು ಅಲುಗದಂತೆ ಕೂರಿಸುವುದು. ಚಿತ್ತಾರದ ಮಾತು ಆಮೇಲಿನದು.

ಆನ್‌ಲೈನ್ ಅಂಗಡಿಗಳಲ್ಲಿ ‘ಬಿಲ್ಲುಬೇಟೆಗೆ ಹಗುರ ಉಡುಪು’ ಎಂದು ಬರುವ ಅಂಗಿಗಳ ಬಗ್ಗೆ ಹಲವರು ವಿಚಾರಿಸುತ್ತಾರೆ. ಅವು ಅಮೆರಿಕದ ಬೇಟೆಗಾರರಿಗಾಗಿ ಮಾಡಿದವು. ಅಲ್ಲಿ ಹಲವು ರಾಜ್ಯಗಳಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯುವ ಕಾಲ ಬಿಸಿಲು ಇಳಿಯುವ ಮೊದಲೇ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಬಾಣಕ್ಕೆ ಗುರಿ ಸಿಗಬೇಕಾದರೆ ಇಪ್ಪತ್ತು–ಮೂವತ್ತು ಮೀಟರಿನಷ್ಟು ಹತ್ತಿರ ಹೋಗಬೇಕು. ಹಾಗಾಗಿ ಬಟ್ಟೆ ತೆಳ್ಳಗಿರಬೇಕು, ಸದ್ದು ಮಾಡಬಾರದು, ಬೇಗ ಒಣಗಬೇಕು. ಈ ಮೂರು ಗುಣ ನಮಗೂ ಬೇಕು. ಬೇಟೆ ಮಾತ್ರ ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಿಲ್ಲಾಗಲಿ, ಕೋವಿಯಾಗಲಿ, ಉರುಳಾಗಲಿ, ಕಾಡುಪ್ರಾಣಿಯ ಬೇಟೆ ಅಪರಾಧ; ಬೇಟೆಯ ಪ್ರಯತ್ನವೂ ಬೇಟೆಯೇ. ಆ ಅಂಗಿಗಳ ಮೇಲೆ ಅಚ್ಚು ಹಾಕಿರುವ ಓಕ್ ಎಲೆಯೂ ನಮ್ಮ ಕಾಡಿನದಲ್ಲ. ಬಿಲ್ಲಿನ ಹೆದೆ ತಗುಲದಿರಲೆಂದು ತೋಳನ್ನು ಬಿಗಿಯಾಗಿ ಹೊಲಿದಿರುತ್ತಾರೆ. ಕ್ಯಾಮೆರಾ ಹಿಡಿಯುವವರಿಗೆ ಅದು ಬರೀ ಸೆಖೆ.

ಇನ್ನು ಸೇನೆಯ ಚಿತ್ತಾರ. 2022ರ ಜನವರಿ 15ರ ಸೇನಾ ದಿನದಂದು ಭೂಸೇನೆ ಹೊರತಂದ ಹೊಸ ಡಿಜಿಟಲ್ ಚಿತ್ತಾರವನ್ನು ಹೊರಗೆ ಮಾರುವಂತಿಲ್ಲ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ನಿಮಗೆ ಆ ಉದ್ದೇಶ ಇಲ್ಲದಿರಬಹುದು. ಆದರೆ ನಕ್ಸಲ್ ನಿಗ್ರಹ ಪಡೆಯವರನ್ನು ವರ್ಷಗಟ್ಟಲೆ ಕಂಡ ಊರುಗಳಲ್ಲಿ ಆ ವೇಷದವರೊಬ್ಬರು ಪೊದೆಯಿಂದ ಎದ್ದು ಬಂದರೆ ಜನ ಹೇಗೆ ನೋಡುತ್ತಾರೆ ಎಂಬುದನ್ನು ಯೋಚಿಸಿ.

ಬಟ್ಟೆ ಆರಿಸುವಾಗ ಮೊದಲು ತೂಕ ಕೇಳಿ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದನ್ನು ಅಂಗಡಿಯವರು ಜಿಎಸ್‌ಎಂ ಅನ್ನುತ್ತಾರೆ. ಜೀನ್ಸ್ ಸಾಮಾನ್ಯವಾಗಿ 300ರ ಮೇಲೆ, ದಪ್ಪ ಡ್ರಿಲ್ 200ರ ಮೇಲೆ. ಅಂಗಿಗೆ 110ರಿಂದ 140, ಪ್ಯಾಂಟಿಗೆ 150ರಿಂದ 180 ಸಾಕು. 100ಕ್ಕಿಂತ ಇಳಿದರೆ ಲಾಂಟಾನ, ಸೀಗೆಮುಳ್ಳು ಒಂದೇ ದಿನಕ್ಕೆ ಹರಿದು ಹಾಕುತ್ತವೆ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಲೆಕ್ಕ ನಾವೇ ಹಾಕಬಹುದು. 58 ಇಂಚು ಪನ್ನದ (ಅಗಲದ) ಒಂದು ಮೀಟರ್ ಬಟ್ಟೆ ಎಂದರೆ ಹೆಚ್ಚುಕಡಿಮೆ ಒಂದೂವರೆ ಚದರ ಮೀಟರ್. ಅದು ತಕ್ಕಡಿಯಲ್ಲಿ 200 ಗ್ರಾಂ ತೂಗಿದರೆ ಜಿಎಸ್‌ಎಂ ಸುಮಾರು 135. ಹೊಲಿದ ತುಂಬುತೋಳಿನ ಅಂಗಿ 250 ಗ್ರಾಂ ಆಸುಪಾಸಿನಲ್ಲಿರಲಿ. 350 ದಾಟಿದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಹತ್ತಿಯೋ ಟೆರಿಕಾಟೋ ಎಂಬ ಪ್ರಶ್ನೆಗೆ ಮಲೆನಾಡಿಗೆಲ್ಲ ಒಂದೇ ಉತ್ತರವಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆಯ ಮಾರ್ಚ್–ಏಪ್ರಿಲ್ ಒಣ ಬಿಸಿಲಿಗೆ ಹತ್ತಿಯೇ ಮೇಲು: ಬೆವರು ಹೀರಿ ನಿಧಾನಕ್ಕೆ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಆದರೆ ಆಗುಂಬೆ, ಹೊಸನಗರ, ಶರಾವತಿ ಕಣಿವೆ ಕಡೆ ಮೇ ತಿಂಗಳ ಮೋಡದ ಸೆಖೆಯಲ್ಲಿ ಒದ್ದೆಯಾದ ಹತ್ತಿ ಸಂಜೆಯವರೆಗೂ ಒಣಗುವುದಿಲ್ಲ. ಬೆನ್ನಿಗೆ ಅಂಟಿಕೊಳ್ಳುತ್ತದೆ, ಅಂಟಿದ ಕಡೆಯೆಲ್ಲ ಸೊಳ್ಳೆ ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ತೊಡೆಸಂದು ಉಜ್ಜಿ ಹುಣ್ಣಾಗುತ್ತದೆ. ಅಲ್ಲಿಗೆ ಪಾಲಿಯೆಸ್ಟರ್ 65, ಹತ್ತಿ 35 ಪಾಲಿನ ತೆಳು ಟೆರಿಕಾಟ್ ವಾಸಿ. ಪೂರ್ತಿ ಪಾಲಿಯೆಸ್ಟರ್ ಇನ್ನೂ ಬೇಗ ಒಣಗುತ್ತದೆ ನಿಜ, ಆದರೆ ನಾತ ಹಿಡಿಯುತ್ತದೆ, ಹೊಳೆಯುತ್ತದೆ, ಕೈ ಎತ್ತಿದಾಗ ಸರಸರ ಎನ್ನುತ್ತದೆ. ಅಂಗಡಿಯಲ್ಲೇ ಬಟ್ಟೆಯ ಮೇಲೆ ಉಗುರು ಎಳೆದು ನೋಡಿ. ಆ ಸದ್ದು ನಿಮಗೆ ಕೇಳಿಸಿದರೆ ಕಡವೆಗೂ ಕೇಳಿಸುತ್ತದೆ. ಗಂಜಿ ಹಾಕುವುದು, ಗರಿಗರಿಯಾಗಿ ಇಸ್ತ್ರಿ ಮಾಡುವುದು ಎರಡೂ ಬೇಡ. ಗಂಜಿ ಸದ್ದು ತರುತ್ತದೆ, ಇಸ್ತ್ರಿ ಹೊಳಪು ತರುತ್ತದೆ.

ಬಣ್ಣದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಿಂಕೆ ಜಾತಿಯ ಪ್ರಾಣಿಗಳಿಗೆ ಕೆಂಪು, ಕಿತ್ತಳೆ, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಹಕ್ಕಿಗಳು ನಮಗಿಂತ ಹೆಚ್ಚು ಬಣ್ಣ ಕಾಣುತ್ತವೆ, ನಮಗೆ ಕಾಣದ ನೇರಳಾತೀತ ಬೆಳಕೂ ಹಲವು ಹಕ್ಕಿಗಳಿಗೆ ಕಾಣುತ್ತದೆ. ಕೆಲಸ ಕೆಡುವುದು ಇಲ್ಲೇ. ಅಂಗಡಿಯ ಸೋಪಿನ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಹೊಳೆಯಲೆಂದು ಹಾಕುವ ರಾಸಾಯನಿಕವೊಂದಿದೆ. ಅದು ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಸಾವಿರಾರು ರೂಪಾಯಿಯ ಮರೆಯುಡುಪನ್ನು ಆ ಪುಡಿಯಲ್ಲಿ ನಾಲ್ಕು ಸಲ ಒಗೆದರೆ ಮುಂಜಾವಿನ ಮಬ್ಬಿನಲ್ಲಿ ಅದು ಪ್ರಾಣಿಗಳ ಕಣ್ಣಿಗೆ ಬೆಳಗುತ್ತದೆ. ಪರೀಕ್ಷೆ ಸುಲಭ. ಖೋಟಾ ನೋಟು ಪತ್ತೆಗೆ ಅಂಗಡಿಗಳಲ್ಲಿ ಇಟ್ಟುಕೊಳ್ಳುವ ನೇರಳೆ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಬಟ್ಟೆಯ ಮೇಲೆ ಬಿಡಿ. ನೀಲಿಯಾಗಿ ಮಿನುಗಿದರೆ ಆ ಬಟ್ಟೆ ಕಾಡಿಗಲ್ಲ. ಹೊಲಿಗೆಯ ನೂಲು, ಕಾಲರಿನ ಒಳಗಿನ ಚೀಟಿ, ಬಿಳಿ ಬನಿಯನ್ನಿನ ಅಂಚು ಹಲವು ಸಲ ಅಂಗಿಗಿಂತ ಹೆಚ್ಚು ಮಿನುಗುತ್ತವೆ. ಒಮ್ಮೆ ಹಿಡಿದ ಆ ಹೊಳಪನ್ನು ತೆಗೆಯುವುದು ಕಷ್ಟ. ಕಾಡಿನ ಬಟ್ಟೆಯನ್ನು ಮೊದಲಿಂದಲೇ ಬೇರೆ ಇಡಿ. ಎಂಟು–ಹತ್ತು ಅಂಟುವಾಳದ ಕಾಯಿಯನ್ನು ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದ ನೀರಲ್ಲಿ ಒಂದು ಜೊತೆ ಬಟ್ಟೆಯ ಕೊಳೆ ಚೆನ್ನಾಗಿ ಹೋಗುತ್ತದೆ. ಪರಿಮಳವೂ ಅಂಟುವುದಿಲ್ಲ.

ಹಾಗಾದರೆ ಯಾವ ಬಣ್ಣ? ಭದ್ರಾ ಕಾಡು ಎಲೆಯುದುರುವ ಕಾಡು. ಬೇಸಿಗೆಯಲ್ಲಿ ಅಲ್ಲಿ ನೆಲವೆಲ್ಲ ತರಗೆಲೆ, ತೇಗದ ಒಣ ಎಲೆ, ಬೂದುಬಣ್ಣದ ಕಾಂಡ. ಗಾಢ ಹಸಿರು ಅಲ್ಲಿ ಎದ್ದು ಕಾಣುತ್ತದೆ. ತಿಳಿ ಖಾಕಿ, ಒಣಹುಲ್ಲಿನ ಬಣ್ಣ, ಮಣ್ಣುಬಣ್ಣ ಸರಿ. ಆಗುಂಬೆಯ ನಿತ್ಯಹಸಿರು ಕಾಡಿನ ನೆರಳಿಗೆ ಮಾಸಿದ ಆಲಿವ್ ಹಸಿರು. ಸಣ್ಣ ಸಣ್ಣ ಎಲೆಯ ಅಚ್ಚು ಹತ್ತಿರದಿಂದ ಚೆಂದ, ಇಪ್ಪತ್ತು ಮೀಟರ್ ಆಚೆಗೆ ಎಲ್ಲ ಕಲಸಿ ಒಂದೇ ಕಪ್ಪು ಮುದ್ದೆ. ಅದಕ್ಕಿಂತ ಅಂಗೈಯಗಲದ ತಿಳಿ–ಗಾಢ ಮಚ್ಚೆಗಳು ಮನುಷ್ಯನ ಆಕಾರ ಒಡೆಯುತ್ತವೆ. ಅಪ್ಪಟ ಕಪ್ಪು ಎಲ್ಲೂ ಬೇಡ.

ಅಂಥ ಮಚ್ಚೆ ಬಟ್ಟೆಯನ್ನು ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ನೀರಿನಲ್ಲಿ) ಮನೆಯಲ್ಲೇ ಮಾಡಿಕೊಳ್ಳಬಹುದು. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಲ್ಲಿ ಈ ಬಣ್ಣ ಕಂಡವರಿಗೆ ಅದರ ಮಂದ ಕೆಂಗಂದು ಗೊತ್ತು. 250 ಗ್ರಾಂ ತೂಕದ ಹತ್ತಿ ಅಂಗಿಯನ್ನು ಮೊದಲು ವಾಷಿಂಗ್ ಸೋಡಾ ನೀರಲ್ಲಿ ಅರ್ಧ ತಾಸು ಕುದಿಸಿ, ಗಿರಣಿಯ ಗಂಜಿ ಬಿಡಿಸಿ. ಇದನ್ನು ಬಿಟ್ಟರೆ ಬಣ್ಣ ಹಿಡಿಯದೆ ಒಗೆತದಲ್ಲಿ ಹೋಗಿಬಿಡುತ್ತದೆ. 40–50 ಗ್ರಾಂ ಪಟಿಕ ಕರಗಿಸಿದ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ. ಮರುದಿನ ಒಂದು ಲೀಟರ್ ಗಟ್ಟಿ ಚೊಗರಿಗೆ ನಾಲ್ಕು ಲೀಟರ್ ನೀರು ಬೆರೆಸಿ, ಕುದಿ ಬರುವ ಮುಂಚಿನ ಹದದಲ್ಲಿ ಮುಕ್ಕಾಲು ತಾಸು ಇಟ್ಟು, ಅದರಲ್ಲೇ ಆರಲು ಬಿಟ್ಟು, ನೆರಳಲ್ಲಿ ಒಣಗಿಸಿ. ಆಮೇಲೆ ಬಟ್ಟೆಯನ್ನು ಅಡ್ಡಾದಿಡ್ಡಿ ಮುದುಡಿ ಬಾಳೆನಾರಿನಲ್ಲಿ ಕಟ್ಟಿ, ಐದು ಲೀಟರ್ ನೀರಿಗೆ ಐದೇ ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ ಐದು ನಿಮಿಷ ಅದ್ದಿ ತೆಗೆಯಿರಿ. ನೀರು ತಾಗಿದ ಕಡೆ ಕಂದು ಬೂದಾಗುತ್ತದೆ, ಕಟ್ಟಿದ ಕಡೆ ಕಂದೇ ಉಳಿಯುತ್ತದೆ. ಅನ್ನಭೇದಿ ಹೆಚ್ಚಾದರೆ ಅದರ ಕಬ್ಬಿಣ ನೂಲನ್ನು ತಿಂದು ಬಟ್ಟೆ ಪಿಸಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ. ಪಾಲಿಯೆಸ್ಟರಿಗೆ ಈ ಬಣ್ಣ ಹತ್ತುವುದಿಲ್ಲ. ಅಲ್ಲಲ್ಲಿ ಏರುಪೇರಾಗಿ ಹತ್ತಿತು ಎಂದು ಬೇಸರ ಬೇಡ, ಬೇಕಿರುವುದೇ ಅದು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಹೊರಗಿನಿಂದ ಬರುವವರಿಗೆ ಯಾರೂ ಹೇಳುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ. ಚುಕ್ಕಿಯಷ್ಟಿರುವ ಮರಿ ಉಣ್ಣಿಗಳ ಕಾಟ ಚಳಿಗಾಲದಲ್ಲಿ ಶುರುವಾಗಿ ಮಳೆ ಹಿಡಿಯುವವರೆಗೆ ಇರುತ್ತದೆ. ಅಂದರೆ ನಿಮ್ಮ ಬೇಸಿಗೆ ರಜೆಯೂ ಅವುಗಳ ಕಾಲವೂ ಒಂದೇ. ಸಾಗರ ತಾಲ್ಲೂಕಿನ ಅರಳಗೋಡು 2019ರಲ್ಲಿ ಈ ಕಾಯಿಲೆಯಿಂದ ಅನುಭವಿಸಿದ ಸಾವುನೋವನ್ನು ನಿಮ್ಮ ಓದುಗರು ಮರೆತಿರಲಾರರು. ಹಳೆಯ ಲಸಿಕೆಯೂ 2022ರಲ್ಲಿ ನಿಂತಿತು. ಅದಕ್ಕೇ ಅರ್ಧ ಚಡ್ಡಿ, ಅರ್ಧ ತೋಳು ಎಷ್ಟೇ ತಂಪಾದರೂ ಕಾಡಿಗೆ ನಿಷಿದ್ಧ. ಉಣ್ಣಿ ಮೇಲಿಂದ ಉದುರುವುದಿಲ್ಲ. ತರಗೆಲೆ, ಹುಲ್ಲಿನ ತುದಿಯಿಂದ ಕಾಲಿಗೆ ಹತ್ತಿ ಮೇಲೇರುತ್ತದೆ. ಅಂಗಿಯನ್ನು ಪ್ಯಾಂಟಿನೊಳಗೆ, ಪ್ಯಾಂಟಿನ ತುದಿಯನ್ನು ಒತ್ತು ಹೆಣಿಗೆಯ ಉದ್ದ ಕಾಲುಚೀಲದೊಳಗೆ ಸೇರಿಸಿ. ಕಾಲುಚೀಲ ತಿಳಿಬಣ್ಣದ್ದಿರಲಿ, ಗಾಢ ಬಣ್ಣದ ಮೇಲೆ ಮರಿ ಉಣ್ಣಿ ಕಣ್ಣಿಗೆ ಬೀಳುವುದೇ ಇಲ್ಲ. ತಿಳಿ ಖಾಕಿಯನ್ನು ನಾವು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೇ. ಕಾಯಿಲೆ ಇರುವ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ, ಉಣ್ಣಿ ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿ, ಆಮೇಲೆ ಬೆರಳು ಒರೆಸಿಕೊಂಡೇ ಲೆನ್ಸ್ ಮುಟ್ಟಿ. ತರಗೆಲೆಯ ಮೇಲೆ ನೇರ ಕೂರಬೇಡಿ, ಮಡಚುವ ಸಣ್ಣ ಸ್ಟೂಲ್ ಒಯ್ಯಿರಿ. ಮಂಗ ಸತ್ತು ಬಿದ್ದಿದೆ ಎಂದು ತಿಳಿದ ಕಡೆಗೆ ಹೋಗಲೇಬೇಡಿ. ಮೊದಲ ಮಳೆ ಬಿದ್ದ ಮೇಲೆ ಇಂಬಳದ (ಕಾಡುಜಿಗಣೆಯ) ಸರದಿ. ಅದಕ್ಕೆ ಮೊಣಕಾಲುದ್ದದ ಬಟ್ಟೆಯ ಕಾಲುಚೀಲ ಬೇರೆಯೇ ಬೇಕು.

ಸಿದ್ಧ ಉಡುಪಿಗಿಂತ ಹೊಲಿಸುವುದೇ ಲೇಸು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 58 ಇಂಚು ಪನ್ನದ ಬಟ್ಟೆ ಅಂಗಿಗೆ 1.6 ಮೀಟರ್, ಪ್ಯಾಂಟಿಗೆ 1.3 ಮೀಟರ್ ತೆಗೆದುಕೊಂಡರೆ ಸಾಮಾನ್ಯ ಮೈಕಟ್ಟಿಗೆ ಸಾಕು. ದರ್ಜಿಗೆ ಹೇಳಬೇಕಾದ್ದು: ಎದೆ ಸುತ್ತಳತೆಯಲ್ಲಿ ಮಾಮೂಲಿಗಿಂತ ಎರಡು ಇಂಚು ಸಡಿಲ, ಕಂಕುಳಲ್ಲಿ ಚೌಕ ತುಂಡು, ಇಲ್ಲದಿದ್ದರೆ ಕ್ಯಾಮೆರಾ ಎತ್ತಿದಾಗಲೆಲ್ಲ ಅಂಗಿ ಪ್ಯಾಂಟಿನಿಂದ ಹೊರಬರುತ್ತದೆ, ಮುಂಗೈಗೆ ಗುಂಡಿ, ಪ್ಯಾಂಟಿನ ತುದಿಗೆ ಲಾಡಿ. ವೆಲ್‌ಕ್ರೋ ಬೇಡ, ಅದನ್ನು ಬಿಚ್ಚುವ ಚರ್ರೆಂಬ ಸದ್ದಿಗೆ ಕಾಡುಕೋಳಿ ಹಾರಿಹೋಗುತ್ತದೆ. ಹೊಳೆಯುವ ಲೋಹದ ಗುಂಡಿಯೂ ಬೇಡ.

ಮೈಯೆಲ್ಲ ಮುಚ್ಚಿ ಮುಖ, ಕೈ ಬಿಟ್ಟರೆ ಶ್ರಮ ದಂಡ. ಅಲುಗುವುದು ಅವೇ, ಬೆವರಿಗೆ ಮಿರಮಿರ ಮಿಂಚುವುದೂ ಅವೇ. ಚೊಗರಿನಲ್ಲೇ ಅದ್ದಿದ ತೆಳು ಪಾಣಿಪಂಚೆಯನ್ನು ಮೂಗಿನವರೆಗೆ ಸುತ್ತಿಕೊಂಡರೆ ಮುಖವೂ ಮುಚ್ಚಿತು, ಬೆವರು ಒರೆಸಲೂ ಆಯಿತು. ತಲೆಗೆ ಸುತ್ತ ಅಂಚಿರುವ ಬಟ್ಟೆ ಟೋಪಿ. ಅಡಿಕೆ ಹಾಳೆಯಿಂದ ಮಾಡುವ ನಮ್ಮ ಹಾಳೆಟೊಪ್ಪಿ ತಂಪಿಗೂ ಬಣ್ಣಕ್ಕೂ ಅದನ್ನು ಮೀರಿಸುತ್ತದೆ, ಆದರೆ ಕೊಂಬೆ ತಾಗಿದರೆ ಟಕ್ಕೆನ್ನುತ್ತದೆ. ತೋಟದ ಬದಿಯಲ್ಲಿ ಕೂರುವವರಿಗೆ ಅಡ್ಡಿಯಿಲ್ಲ.

ಇಷ್ಟೆಲ್ಲ ಎಲ್ಲ ಕಡೆಗೂ ಬೇಡ. ಮಂಡಗದ್ದೆ ಪಕ್ಷಿಧಾಮದಲ್ಲಿ ಹಕ್ಕಿ ಸೇರುವುದು ಮಳೆಗಾಲದಲ್ಲಿ, ನೋಡುವುದು ರಸ್ತೆಬದಿಯಿಂದ. ಅಲ್ಲಿನ ಬೆಳ್ಳಕ್ಕಿಗಳು ಬಸ್ಸಿಗೇ ಅಂಜುವುದಿಲ್ಲ, ನಿಮ್ಮ ಅಂಗಿಗೆ ಅಂಜುತ್ತವೆಯೇ? ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮೊಟ್ಟೆಯಿಡುವ ರಿವರ್ ಟರ್ನ್‌ಗಳ ವಿಷಯ ಬೇರೆ. ಅವು ಬಯಲಲ್ಲಿ ಗೂಡು ಮಾಡಿ, ಮೇಲಿಂದ ನೋಡುವ ಹಕ್ಕಿಗಳು. ಯಾವ ಮರೆಯುಡುಪೂ ಅಲ್ಲಿ ನಡೆಯುವುದಿಲ್ಲ. ತಾಯಿಹಕ್ಕಿ ಎದ್ದು ಹಾರಿದರೆ ನೆತ್ತಿಯ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಅಲ್ಲಿ ಅನುಮತಿ ಇರುವ ದೋಣಿಯಿಂದ, ದೂರದಿಂದಲೇ ನೋಡಬೇಕು.

ಜೇಬಿನಲ್ಲಿ ಒಂದು ಕಿತ್ತಳೆ ಬಣ್ಣದ ಬಟ್ಟೆತುಂಡು ಇರಲಿ. ತೋಟದ ಸಾಲಿನಲ್ಲಿ, ಬ್ಯಾಣದ (ಹುಲ್ಲುಗಾವಲಿನ) ದಾರಿಯಲ್ಲಿ ನಡೆಯುವಾಗ ಅದನ್ನು ಟೋಪಿಗೆ ಕಟ್ಟಿ. ಬೆಳೆ ಕಾಯುವವರ ಕೈಯಲ್ಲಿ ಕೋವಿ ಇರುವ ಊರುಗಳಿವು, ಪೊದೆಯಲ್ಲಿ ಅಲುಗುವುದನ್ನು ಹಂದಿ ಎಂದುಕೊಂಡರೆ ಕಷ್ಟ. ಕೂತ ಮೇಲೆ ಬಿಚ್ಚಿ ಜೇಬಿಗೆ ಹಾಕಿ. ಜಿಂಕೆಗೆ ಕಿತ್ತಳೆ ಬೇರೆಯಾಗಿ ಕಾಣದಿದ್ದರೂ ಹಕ್ಕಿಗೆ ಕಾಣುತ್ತದೆ. ತೋಟದವರಿಗೆ ಮೊದಲೇ ಒಂದು ಮಾತು ಹೇಳಿ ಹೋಗಿ.

ಮನೆಗೋ ಹೋಂಸ್ಟೇಗೋ ಮರಳಿದ ಮೇಲೆ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯಬೇಡಿ. ಬಚ್ಚಲಲ್ಲೇ ಬಿಚ್ಚಿ ಕುದಿನೀರಿಗೆ ಹಾಕಿ, ಬಿಸಿನೀರಲ್ಲಿ ಸೋಪು ಹಚ್ಚಿ ಮಿಂದು, ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಉಣ್ಣಿ ಇದೆಯೇ ಎಂದು ಇನ್ನೊಬ್ಬರಿಂದ ನೋಡಿಸಿಕೊಳ್ಳಿ. ಚೊಗರಿನ ಬಟ್ಟೆ ಕುದಿನೀರಿಗೆ ಮೊದಲ ಒಂದೆರಡು ಸಲ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆಯ ಜೊತೆ ಹಾಕಬೇಡಿ. ವಾರ–ಹತ್ತು ದಿನದೊಳಗೆ ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಿ.

– ಹವ್ಯಾಸಿ ಪಕ್ಷಿ ವೀಕ್ಷಕರು, ತೀರ್ಥಹಳ್ಳಿ